ವಿದ್ಯಾನಿಧಿ ಕಂಪ್ಯೂಟರಿಗೆ ಮಾತ್ರವೇ?



ನಮ್ಮ ಸಂಘದ ವಿದ್ಯಾನಿಧಿ ಉಪಸಮಿತಿಯವರು ಬರಲಿರುವ ಮಹಾಸಭೆಯ ಮುಂದೆ ಒಂದು ಠರಾವನ್ನು ಇಡಲಿದ್ದಾರೆ. ಇಂಜಿನಿಯರಿಂಗ್ ಓದುವ ಸದಸ್ಯರ ಮಕ್ಕಳಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಸೇರಿದವರಿಗೆ ಮಾತ್ರ ಇನ್ನು ಮುಂದೆ ನಿಧಿಯಿಂದ ನೆರವು ಕೊಡತಕ್ಕದ್ದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೊದಲಾದ ವಿಭಾಗಗಳಿಗಾಗಲಿ, ಡಿಪ್ಲೊಮಾ, ಐ.ಟಿ.ಐ.ಗಳಿಗಾಗಲಿ ಕೊಡತಕ್ಕದ್ದಲ್ಲ ಎಂಬುದು ಅದರ ತಿರುಳು. ಕಾರಣ ಏನೆಂದು ಕೇಳಿದರೆ ಒಂದೇ ಶಬ್ದದಲ್ಲಿ ಉತ್ತರ ಬರುತ್ತದೆ: "ಸ್ಕೋಪು". ಕಂಪ್ಯೂಟರಿಗೆ ಸ್ಕೋಪಿದೆ, ಉಳಿದದ್ದಕ್ಕೆ ಸ್ಕೋಪಿಲ್ಲ.

ಈ ಠರಾವನ್ನು ಬರೆದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಲ್ಲಿ ಇಬ್ಬರು ನನ್ನ ಜತೆಯಲ್ಲೇ ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿದವರು. ನಮ್ಮ ಮಕ್ಕಳು ನಮ್ಮ ಹಾಗೆ ಆಗಬಾರದೆಂಬ ಆಸೆಯೇ ಅವರಿಂದ ಇದನ್ನು ಬರೆಯಿಸಿದೆ. ಆದರೆ ಆಸೆ ಒಳ್ಳೆಯದಾದ ಮಾತ್ರಕ್ಕೆ ಠರಾವು ಒಳ್ಳೆಯದಾಗುವುದಿಲ್ಲ. ಇದು ಪಾಸಾದರೆ ನಮ್ಮ ನಿಧಿ, ಅಂದರೆ ಮಾಣಿಗಳೂ ಕ್ಲೀನರುಗಳೂ ಗಿರಣಿಯ ಹಿರಿಯರೂ ತಮ್ಮ ಪಗಾರದಿಂದ ತಿಂಗಳು ತಿಂಗಳು ಮುರಿದುಕೊಟ್ಟ ಹಣ, ದಲಾಲರ ಅಂಗಡಿಗೆ ನೀರಿನ ಹಾಗೆ ಹರಿದುಹೋಗುತ್ತದೆ. ಆದುದರಿಂದ ನಾನು ಇದನ್ನು ವಿರೋಧಿಸುತ್ತೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇಂಜಿನಿಯರಿಂಗಿನ ಮಾತು ಏಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹಣ ಕೊಡುವವನು ಲೆಕ್ಕ ಕೇಳಬಹುದು.

ಮೊದಲು ದಲಾಲರ ವಿಷಯ. ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂತೋ ಇಲ್ಲವೋ, ಟೈ ಕಟ್ಟಿದ ಮಹಾಶಯರು ನಮ್ಮ ಚಾಳುಗಳ ಮೆಟ್ಟಿಲು ಹತ್ತಲು ತೊಡಗುತ್ತಾರೆ. ಅವರ ಚೀಲದಲ್ಲಿ ಬಣ್ಣಬಣ್ಣದ ಪುಸ್ತಕ, ಬಾಯಲ್ಲಿ ಬಣ್ಣಬಣ್ಣದ ಹೆಸರು. ಮೊದಲು ಬರೇ ಕಂಪ್ಯೂಟರ್ ಎಂದಿತ್ತು. ಈಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಪಟ್ಟಿ ಬೆಳೆದಿದೆ. ಹೋಟೆಲಿನವರಿಗೆ ಈ ವಿದ್ಯೆ ಹೊಸದಲ್ಲ. ಒಂದೇ ರುಬ್ಬಿದ ಹಿಟ್ಟಿನಿಂದ ಸಾದಾ, ಮಸಾಲೆ, ಮೈಸೂರು ಮಸಾಲೆ, ಉತ್ತಪ್ಪ ಎಂದು ಬೋರ್ಡು ತುಂಬಿಸುವುದನ್ನು ನಾವು ದಿನವೂ ಮಾಡುತ್ತೇವೆ. ಬೋರ್ಡಿನಲ್ಲಿ ಹೆಸರು ಹೆಚ್ಚಿದರೆ ಪಾತ್ರೆಯಲ್ಲಿ ಹಿಟ್ಟು ಹೆಚ್ಚುವುದಿಲ್ಲ. ಒಳ್ಳೆಯ ಕಾಲೇಜಿನಲ್ಲಿ ಆ ಹೆಸರುಗಳಿಗೆ ಅರ್ಥವಿರುತ್ತದೆ, ಪಾಠ ಹೇಳುವವರೂ ಇರುತ್ತಾರೆ. ಆದರೆ ದಲಾಲ ನಿಮ್ಮ ಮನೆಗೆ ಹೊತ್ತು ತರುವುದು ಒಳ್ಳೆಯ ಕಾಲೇಜನ್ನಲ್ಲ. ಒಳ್ಳೆಯ ಕಾಲೇಜಿಗೆ ದಲಾಲ ಏಕೆ ಬೇಕು? ಗಿರಾಕಿಗಳು ಸರತಿ ನಿಂತ ಹೋಟೆಲಿನವನು ಬೀದಿಗೆ ಹುಡುಗನನ್ನು ನಿಲ್ಲಿಸಿ "ಬನ್ನಿ ಸಾರ್, ಬನ್ನಿ" ಎಂದು ಕೂಗಿಸುವುದುಂಟೇ?

ಈ ಹೆಸರುಗಳು ಇಷ್ಟೊಂದು ಬೆಳೆಯಲು ಇನ್ನೂ ಒಂದು ಕಾರಣವಿದೆ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಇರಬೇಕೆಂಬ ಮಿತಿಯೊಂದು ಇತ್ತು. ಎ.ಐ.ಸಿ.ಟಿ.ಇ.ಯವರು ೨೦೨೪-೨೫ನೆಯ ಸಾಲಿನಿಂದ, ಚೆನ್ನಾಗಿ ನಡೆಯುತ್ತಿರುವ ಕಾಲೇಜುಗಳ ಮಟ್ಟಿಗೆ, ಆ ಮಿತಿಯನ್ನು ತೆಗೆದರು. ಎಲ್ಲಿ ಬೇಡಿಕೆಯಿದೆಯೋ ಅಲ್ಲಿ ಸೀಟು ಏರಿತು. ಸಿವಿಲ್, ಮೆಕ್ಯಾನಿಕಲ್ಲಿಗೆ ಯಂತ್ರಶಾಲೆ ಬೇಕು, ಪ್ರಯೋಗಶಾಲೆ ಬೇಕು, ಜಾಗ ಬೇಕು. ಕಂಪ್ಯೂಟರಿಗೆ ಕೋಣೆ, ಮೇಜು, ಪೆಟ್ಟಿಗೆ ಇದ್ದರಾಯಿತು ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿಗಳಿಗೆ ಇದು ಹಬ್ಬ. ಪೆಟ್ಟಿಗೆಗಳನ್ನು ಕೊಳ್ಳಬಹುದು, ಆದರೆ ಕಲಿಸುವ ಮೇಷ್ಟ್ರುಗಳು ಒಂದೇ ವರುಷದಲ್ಲಿ ಎಲ್ಲಿಂದ ಹುಟ್ಟಿ ಬರುತ್ತಾರೆ? ಒಂದು ಕಾವಲಿಯ ಮುಂದೆ ನೂರು ಜನ ಗಿರಾಕಿಗಳನ್ನು ಕೂರಿಸಿದರೆ ಏನಾಗುತ್ತದೆಂದು ನಮಗೆ ಗೊತ್ತಿದೆ: ಅರೆಬೆಂದ ದೋಸೆ.

ಇನ್ನು ಹಣದ ಮಾತು. ದೇಣಿಗೆ ಪಡೆದು ಸೀಟು ಮಾರುವುದನ್ನು ಕರ್ನಾಟಕದಲ್ಲಿ ೧೯೮೪ರ ಕಾಯಿದೆಯೂ, ಮಹಾರಾಷ್ಟ್ರದಲ್ಲಿ ೧೯೮೭ರ ಕಾಯಿದೆಯೂ ನಿಷೇಧಿಸಿವೆ. ೧೯೯೨ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರಕಾರದ ವಿರುದ್ಧ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಹೀಗಿದ್ದೂ ರಸೀದಿಯಿಲ್ಲದ ಲಕೋಟೆ ಕೊಟ್ಟು ಬಂದವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಕೊಟ್ಟವರಿಗೆ ಬಾಯಿಲ್ಲ, ತೆಗೆದುಕೊಂಡವರಿಗೆ ಭಯವಿಲ್ಲ.

ಲಕೋಟೆಯ ಮಾತು ಬಿಡೋಣ. ರಸೀದಿ ಇರುವ ಹಣದ ಲೆಕ್ಕವನ್ನೇ ಹಾಕೋಣ. ವರುಷಕ್ಕೆ ಒಂದೂವರೆ ಲಕ್ಷ ಫೀ ಎಂದಿಟ್ಟುಕೊಳ್ಳಿ. ನಾಲ್ಕು ವರುಷಕ್ಕೆ ಆರು ಲಕ್ಷ, ಎಲ್ಲವೂ ಬ್ಯಾಂಕಿನ ಸಾಲ. ಓದು ಮುಗಿದು ಒಂದು ವರುಷದ ತನಕ ಕಂತು ಕಟ್ಟಬೇಕಾಗಿಲ್ಲ ಎಂದು ಹೇಳುತ್ತಾರೆ, ನಿಜ. ಆದರೆ ಬಡ್ಡಿ ಮಲಗುವುದಿಲ್ಲ. ನೂರಕ್ಕೆ ಹತ್ತರ ಸರಳ ಬಡ್ಡಿಯಂತೆ ಆ ಐದು ವರುಷಗಳಲ್ಲಿ ಎರಡು ಲಕ್ಷ ಹತ್ತು ಸಾವಿರ ಬೆಳೆದು ನಿಂತಿರುತ್ತದೆ. ಎಂಟು ಲಕ್ಷ ಹತ್ತು ಸಾವಿರವನ್ನು ಅದೇ ದರದಲ್ಲಿ ಹತ್ತು ವರುಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ೧೦,೭೦೦ ರೂಪಾಯಿ ಕಟ್ಟಬೇಕು. ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳು ಸಾಧಾರಣ ಕಾಲೇಜಿನ ಹೊಸ ಹುಡುಗರಿಗೆ ಕೊಡುವ ಪಗಾರ ಹತ್ತು ವರುಷಗಳಿಂದಲೂ ವರುಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕುಂಟುತ್ತಿದೆ. ಕಡಿತ ಹೋಗಿ ಕೈಗೆ ಇಪ್ಪತ್ತೈದು ಸಾವಿರ ಬಂತೆನ್ನಿ. ಅದರಲ್ಲಿ ಕಂತು, ಬೆಂಗಳೂರು ಅಥವಾ ಪುಣೆಯಲ್ಲಿ ಕೋಣೆ ಬಾಡಿಗೆ, ಊಟ. ಊರಿಗೆ ಕಳಿಸಲು ಏನು ಉಳಿಯಿತು? ಇದು ಕೆಲಸ ಸಿಕ್ಕಿದವನ ಲೆಕ್ಕ. ಸಿಕ್ಕದವನ ಲೆಕ್ಕವನ್ನು ಜಾಮೀನು ನಿಂತ ಅಪ್ಪ, ಹೋಟೆಲಿನಲ್ಲಿ ಡಬಲ್ ಡ್ಯೂಟಿ ಮಾಡಿ, ಮುಗಿಸುತ್ತಾನೆ.

"ಆದರೂ ಕಂಪ್ಯೂಟರಿನಲ್ಲಿ ಕೆಲಸ ಸಿಕ್ಕೇ ಸಿಗುತ್ತದಲ್ಲ?" ಎಂದು ಉಪಸಮಿತಿಯ ಗೆಳೆಯರು ಕೇಳುತ್ತಾರೆ. ಇಲ್ಲಿಯೇ ಅವರ ಬುಡದ ತಪ್ಪಿರುವುದು. ಅವರು ನೋಡುವುದು ಇವತ್ತಿನ ಪೇಟೆಯನ್ನು. ಹುಡುಗ ಪೇಟೆಗೆ ಬರುವುದು ನಾಲ್ಕು ವರುಷದ ಮೇಲೆ. ೧೯೯೮-೯೯ರಲ್ಲಿ ಅಮೆರಿಕದ ಕಂಪ್ಯೂಟರುಗಳು ಎರಡು ಸಾವಿರನೆಯ ಇಸವಿಯಲ್ಲಿ ನಿಂತುಹೋಗುತ್ತವೆ ಎಂಬ ಭಯದಿಂದ ನಮ್ಮ ಹುಡುಗರಿಗೆ ಎಲ್ಲಿಲ್ಲದ ಕರೆ ಬಂತು. ಆ ಕರೆ ಕೇಳಿ ಸೇರಿದವರು ಪದವಿ ಹಿಡಿದು ಹೊರಬರುವ ಹೊತ್ತಿಗೆ, ೨೦೦೧ರಲ್ಲಿ ಕುಸಿದ ಪೇಟೆ ಇನ್ನೂ ಪೂರ್ತಿ ಎದ್ದಿರಲಿಲ್ಲ. ೨೦೦೮ರಲ್ಲಿ ಲೋಕದ ಬ್ಯಾಂಕುಗಳು ಮುಗ್ಗರಿಸಿದಾಗ ಮತ್ತೆ ಹಾಗೆಯೇ ಆಯಿತು. ೨೦೨೧ರಲ್ಲಿ ಕೊರೋನಾದ ನಡುವೆ ಕಂಪೆನಿಗಳು ಕೈಗೆ ಸಿಕ್ಕವರನ್ನೆಲ್ಲ ತೆಗೆದುಕೊಂಡವು. ಅದನ್ನು ನೋಡಿ ಆ ವರುಷ ಸೇರಿದ ಮಕ್ಕಳು ೨೦೨೫ರಲ್ಲಿ ಹೊರಗೆ ಬಂದರು. ಆ ವರುಷದ ಜುಲೈ ತಿಂಗಳಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿಯೇ ಸುಮಾರು ಹನ್ನೆರಡು ಸಾವಿರ ನೌಕರರನ್ನು ಕಡಿಮೆ ಮಾಡುವುದಾಗಿ ಸಾರಿತು. ಈಗ ಪ್ರೋಗ್ರಾಂ ಬರೆಯುವ ಯಂತ್ರವೂ ಬಂದಿದೆ. ಅದರಿಂದ ಕೆಲಸವೆಲ್ಲ ಮುಳುಗುತ್ತದೆಂದು ನಾನು ಹೆದರಿಸುವುದಿಲ್ಲ. ಆದರೆ ಮೊದಲ ಮೆಟ್ಟಿಲಿನ ಕೆಲಸಕ್ಕೆ, ಅರೆಬರೆ ಕಲಿತವನ ಕೆಲಸಕ್ಕೆ, ಅದು ಮೊದಲು ಕೈ ಹಾಕುತ್ತದೆ ಎನ್ನುವುದಕ್ಕೆ ಪದವಿ ಬೇಕಾಗಿಲ್ಲ. ಇಡ್ಲಿ ಹಿಟ್ಟು ರುಬ್ಬುವ ಯಂತ್ರ ಬಂದಾಗ ಹೋದದ್ದು ಯಾರ ಕೆಲಸ? ಭಟ್ಟರದ್ದಲ್ಲ, ರುಬ್ಬುವ ಹುಡುಗನದ್ದು.

ಗಿರಣಿಯ ಹಿರಿಯರು ಈ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು. ಒಂದು ಕಾಲಕ್ಕೆ ಈ ಊರಿನಲ್ಲಿ ಸ್ಕೋಪು ಎಂದರೆ ಬಟ್ಟೆ. ಇವತ್ತು ಮಾಟುಂಗದಲ್ಲಿರುವ ವಿ.ಜೆ.ಟಿ.ಐ., ಅಂದರೆ ಆಗಿನ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟು, ೧೮೮೭ರಲ್ಲಿ ಬೈಕಲಾದಲ್ಲಿ ಹುಟ್ಟಿದ್ದೇ ಗಿರಣಿಗಳಿಗೆ ಬೇಕಾದ ಜನರನ್ನು ತಯಾರಿಸುವ ಉದ್ದೇಶವನ್ನು ಮುಂದಿಟ್ಟುಕೊಂಡು. ಅಲ್ಲಿ ನೂಲುವ, ನೇಯುವ ವಿದ್ಯೆ ಕಲಿತವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ಭೋಂಗಾ ಕೂಗುವುದು ಎಂದಾದರೂ ನಿಲ್ಲುತ್ತದೆಂದು ಯಾರು ಎಣಿಸಿದ್ದರು? ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕೆ ಇಳಿದರು. ಆ ಮುಷ್ಕರದ ಸರಿತಪ್ಪುಗಳನ್ನು ನಾನು ಇಲ್ಲಿ ತೂಗುವುದಿಲ್ಲ, ಅದು ಬೇರೆಯೇ ಲೇಖನವಾದೀತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲಿನ ಜಾಗಕ್ಕೆ ಮಾಲು ಬಂತು.

ಆದರೆ ಇನ್ನೊಂದು ಮಾತನ್ನು ಹಿರಿಯರ ಬಾಯಿಂದಲೇ ಕೇಳಿ. ಗಿರಣಿಗೆ ಬೀಗ ಬಿದ್ದ ಮೇಲೆ ಯಾರು ಬೇಗ ಚೇತರಿಸಿಕೊಂಡರು? ವೈರ್‌ಮನ್, ಫಿಟ್ಟರ್, ಟರ್ನರ್, ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಬೇರೆ ಕಾರಖಾನೆಗಳಿಗೆ, ಆಸ್ಪತ್ರೆಗಳಿಗೆ, ಹೋಟೆಲುಗಳಿಗೆ ಹೋದರು. ಒಂದೇ ಬಗೆಯ ಮಗ್ಗವನ್ನು ಮಾತ್ರ ಬಲ್ಲವನು, ಎಷ್ಟೇ ಜಾಣನಾದರೂ, ಕಾವಲುಗಾರನಾದ, ಇಲ್ಲವೆ ಫುಟ್‌ಪಾತಿನಲ್ಲಿ ತರಕಾರಿ ಇಟ್ಟುಕೊಂಡು ಕೂತ. ಮೂಲ ವಿದ್ಯೆ ಒಂದು ಧಂದೆ ಮುಳುಗಿದರೆ ಇನ್ನೊಂದಕ್ಕೆ ಈಜಿಕೊಂಡು ಹೋಗುತ್ತದೆ. ಒಂದೇ ಯಂತ್ರದ ವಿದ್ಯೆ ಯಂತ್ರದ ಜತೆಗೇ ಮುಳುಗುತ್ತದೆ. ವಿದ್ಯಾನಿಧಿಯ ಹಣವನ್ನು ಇಡುವಾಗ ನೋಡಬೇಕಾದ ಸ್ಕೋಪು ಇದು.

ಈ ಮಾತಿಗೆ ದೊಡ್ಡವರ ಸಾಕ್ಷಿಯೂ ಇದೆ. ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು ಮೈಸೂರಿನ ಎನ್.ಐ.ಇ.ಯಲ್ಲಿ ೧೯೬೭ರಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್. ಅವರ ಜತೆಗಾರ ನಂದನ್ ನಿಲೇಕಣಿಯವರು ೧೯೭೮ರಲ್ಲಿ ಇಲ್ಲೇ ಪೊವಾಯಿಯ ಐ.ಐ.ಟಿ.ಯಿಂದ ಹೊರಬಂದದ್ದೂ ಎಲೆಕ್ಟ್ರಿಕಲ್ ಓದಿ. ಮೈಕ್ರೋಸಾಫ್ಟಿನ ಗಾದಿಯಲ್ಲಿ ಕುಳಿತ ಸತ್ಯ ನಾದೆಲ್ಲ ನಮ್ಮೂರ ಮಣಿಪಾಲದಲ್ಲಿ ೧೯೮೮ರಲ್ಲಿ ಪಡೆದ ಪದವಿಯೂ ಎಲೆಕ್ಟ್ರಿಕಲ್ಲೇ. "ಆಗ ಕಂಪ್ಯೂಟರ್ ವಿಭಾಗ ಎಲ್ಲಿತ್ತು ಮಾರಾಯಾ?" ಎಂದು ಕೇಳುತ್ತೀರಿ. ನಾನು ಹೇಳುವುದೂ ಅದನ್ನೇ! ಅವರು ಮುಂದೆ ಮಾಡಿದ ಕೆಲಸಕ್ಕೆ ಅವರು ಓದುವಾಗ ಹೆಚ್ಚಿನ ಕಡೆ ವಿಭಾಗವೇ ಇರಲಿಲ್ಲ. ಇವತ್ತು ಹದಿನೆಂಟು ತುಂಬಿದ ಹುಡುಗ ನಲವತ್ತರಲ್ಲಿ ಮಾಡುವ ಕೆಲಸಕ್ಕೂ ಇವತ್ತು ಬೋರ್ಡು ಇಲ್ಲ. ಗಣಿತ, ಭೌತಶಾಸ್ತ್ರ, ಒಂದು ಮೂಲ ವಿದ್ಯೆ, ಹೊಸದನ್ನು ಕಲಿಯುವ ಹಠ ಇವು ಮಾತ್ರ ಅವನ ಜತೆಗೆ ಬರುವ ಬುತ್ತಿ.

ಬಾಗಿಲುಗಳ ಲೆಕ್ಕವನ್ನೂ ನೋಡಿ. ಸಾಫ್ಟ್‌ವೇರ್ ಕಂಪೆನಿಗಳು ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಳ್ಳುತ್ತವೆ, ಬಹಳ ಕಾಲದಿಂದ ತೆಗೆದುಕೊಂಡಿವೆ. ಆದರೆ ಕಂಪ್ಯೂಟರ್ ಓದಿದವನನ್ನು ಸಬ್‌ಸ್ಟೇಶನ್ನಿಗೆ ತೆಗೆದುಕೊಳ್ಳುವುದಿಲ್ಲ. ದೆಹಲಿಯ ಯು.ಪಿ.ಎಸ್.ಸಿ. ನಡೆಸುವ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ನಾಲ್ಕೇ ವಿಭಾಗದವು: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಶನ್. ಕಂಪ್ಯೂಟರ್ ಅದರಲ್ಲಿ ಇಲ್ಲ. ಮುಂಬಯಿ ಮಹಾನಗರಪಾಲಿಕೆಯ ಜೂನಿಯರ್ ಇಂಜಿನಿಯರ್ ಹುದ್ದೆಗಳನ್ನು ಕರೆಯುವುದೂ ಮುಖ್ಯವಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಡಿಪ್ಲೊಮಾದವರಿಗೇ. ಅದಕ್ಕೆ ಮರಾಠಿ ಬರಬೇಕು, ಆದುದರಿಂದ ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ನೆಟ್ಟಗೆ ಕಲಿಯಲಿ. ಯಾವ ಬಾಗಿಲು ಎರಡೂ ಕಡೆಗೆ ತೆರೆಯುತ್ತದೋ ಆ ಬಾಗಿಲಿಗೆ ನೆರವಿಲ್ಲ, ಒಂದೇ ಕಡೆ ತೆರೆಯುವುದಕ್ಕೆ ಮಾತ್ರ ನೆರವು ಎನ್ನುವುದು ಎಲ್ಲಿಯ ವಿವೇಕ?

ಒಂದು ವಿಷಯವನ್ನು ಮುಚ್ಚಿಡುವುದಿಲ್ಲ. ಸಿವಿಲ್ ಹುಡುಗನಿಗೆ ಮೊದಲ ಎರಡು ಮೂರು ವರುಷ ಕಷ್ಟ. ಕಂತ್ರಾಟುದಾರನ ಕೈಕೆಳಗೆ ಬಿಸಿಲಲ್ಲಿ ನಿಲ್ಲಬೇಕು, ಪಗಾರ ಕಡಿಮೆ, ರಜೆಯ ಗೊತ್ತಿಲ್ಲ. ಮೆಕ್ಯಾನಿಕಲ್ಲಿನವನು ಚಾಕಣ್ ಕಡೆಯ ಕಾರಖಾನೆಯಲ್ಲಿ ಮೂರು ಪಾಳಿ ದುಡಿಯಬೇಕಾದೀತು. ಅದು ಶೋಷಣೆಯೇ, ಅದರ ವಿರುದ್ಧ ಹೋರಾಡುವುದು ಸಂಘದ ಕೆಲಸ. ಆದರೆ ಸಾಫ್ಟ್‌ವೇರಿನ ಹುಡುಗರು ರಾತ್ರಿ ಎರಡು ಗಂಟೆಗೆ ಅಮೆರಿಕದ ಫೋನಿಗೆ ಕಾಯುವುದು ಶೋಷಣೆಯಲ್ಲವೇ? ಅಲ್ಲಿ ಸಂಘ ಕಟ್ಟಲು ಹೊರಟವರನ್ನು ಕೇಳಿ ನೋಡಿ.

ಈಗ ಠರಾವಿನ ಒಡಲಲ್ಲಿ ಅಡಗಿರುವ ನಿಜವಾದ ಕಾರಣಕ್ಕೆ ಬರುತ್ತೇನೆ. ಸಮಿತಿಯ ಒಬ್ಬ ಹಿರಿಯರು ನನ್ನೊಡನೆ ಮುಚ್ಚುಮರೆಯಿಲ್ಲದೆ ಅಂದರು: "ನಾವು ಕೈ ಮಸಿ ಮಾಡಿಕೊಂಡದ್ದು ಸಾಲದೇ? ನಮ್ಮ ಮಕ್ಕಳೂ ಪಾನಾ ಹಿಡಿಯಬೇಕೇ?" ಈ ಮಾತು ನನಗೆ ಚುಚ್ಚಿತು. ಮಾಲೀಕನ ಬಾಯಲ್ಲಿ ಬಂದಿದ್ದರೆ ನಾವು ಕಿಡಿಕಿಡಿಯಾಗುತ್ತಿದ್ದೆವು. ನಮ್ಮವರ ಬಾಯಲ್ಲಿ ಬಂತಾದ್ದರಿಂದ ತಲೆದೂಗುತ್ತಿದ್ದೇವೆ. ಮೇಜು ಒರೆಸಿದ ಕೈಯನ್ನು, ಮಗ್ಗ ನಡೆಸಿದ ಕೈಯನ್ನು ನಾವೇ ಹೀನವೆಂದು ತಿಳಿದರೆ ಈ ಸಂಘಕ್ಕೆ ಕೆಂಪು ಬಾವುಟ ಯಾತಕ್ಕೆ? ನಮ್ಮನ್ನು ಕೀಳು ಮಾಡಿದ್ದು ಕೈಕೆಲಸವಲ್ಲ; ಹದಿನಾಲ್ಕು ತಾಸು ದುಡಿಸಿ ಎಂಟು ತಾಸಿನ ಕೂಲಿ ಕೊಟ್ಟದ್ದು. ಪಾನಾ ಹಿಡಿದ ಕೈಯ ಹಿಂದೆ ವಿದ್ಯೆ ಇದ್ದರೆ ಅದಕ್ಕೆ ಬೆಲೆ ಬೇರೆ. ಹೋಟೆಲಿನ ಡೀಪ್ ಫ್ರಿಜ್ಜು ಕೆಟ್ಟಾಗ ಬರುವ ಮೆಕ್ಯಾನಿಕ್ಕು ಒಂದು ಗಂಟೆಯ ಕೆಲಸಕ್ಕೆ ಎಣಿಸಿಕೊಂಡು ಹೋಗುವ ಹಣ ಎಷ್ಟೆಂದು ನೋಡಿದ್ದೀರಲ್ಲ? ಅವನ ಎದುರು ಮಾಲೀಕನ ಸ್ವರವೇ ಬೇರೆ. ಅವನು ಕಲಿತದ್ದು ಹತ್ತನೆಯ ಇಯತ್ತೆಯ ಮೇಲೆ ಎರಡು ವರುಷದ ಐ.ಟಿ.ಐ.

ಊರಿಗೆ ಹೋಗುವ ಕೊಂಕಣ ರೈಲನ್ನು ನೆನೆಯಿರಿ. ೧೯೯೮ರ ಮೊದಲು ಹಬ್ಬಕ್ಕೆ, ಕೋಲಕ್ಕೆ ಊರಿಗೆ ಹೋಗುವುದೆಂದರೆ ಘಟ್ಟದ ದಾರಿಯ ಬಸ್ಸಿನಲ್ಲಿ ಮೈ ಹಣ್ಣಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ತೊಂಬತ್ತಕ್ಕೂ ಹೆಚ್ಚು ಸುರಂಗ ಕೊರೆದು, ಸುಮಾರು ಎರಡು ಸಾವಿರ ದೊಡ್ಡ ಸಣ್ಣ ಸೇತುವೆ ಕಟ್ಟಿ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನ ತನಕ ಹಳಿ ಹಾಸಿದವರು ಸಿವಿಲ್‌ನವರು. ೨೦೨೨ರಲ್ಲಿ ಆ ದಾರಿ ಪೂರ್ತಿ ವಿದ್ಯುತ್ತಿಗೆ ಬಂದದ್ದು ಎಲೆಕ್ಟ್ರಿಕಲ್‌ನವರಿಂದ. ೨೦೨೪ರ ಜನವರಿಯಲ್ಲಿ ಶಿವಡಿಯಿಂದ ಸಮುದ್ರದ ಮೇಲೆ ಸುಮಾರು ೨೨ ಕಿಲೋಮೀಟರಿನ ಅಟಲ್ ಸೇತು ತೆರೆಯಿತು. ೨೦೨೫ರ ಅಕ್ಟೋಬರದಲ್ಲಿ ಕೊಲಾಬಾ ಕಡೆಯಿಂದ ಆರೆ ತನಕ ನೆಲದಡಿಯ ಮೆಟ್ರೋ ಪೂರ್ತಿಯಾಯಿತು. ಮುಂಬಯಿಯಲ್ಲಿ ಎಲ್ಲಿ ನೋಡಿದರೂ ನೆಲ ಅಗೆದಿರುತ್ತಾರೆಂದು ನಾವು ಶಾಪ ಹಾಕುತ್ತೇವೆ, ಮರುಗಳಿಗೆಯಲ್ಲೇ ಸಿವಿಲ್ಲಿಗೆ ಸ್ಕೋಪಿಲ್ಲ ಎನ್ನುತ್ತೇವೆ! ಹಾಗಾದರೆ ಈ ನೆಲವನ್ನು ಯಾರು ಅಗೆಯುತ್ತಿದ್ದಾರೆ, ಭೂತಗಳೇ?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಪೂರ್ವಗ್ರಹ ಇನ್ನೂ ಗಟ್ಟಿ. "ಹುಡುಗಿಗೆ ಕಂಪ್ಯೂಟರೇ ಸರಿ, ತಣ್ಣಗೆ ಎ.ಸಿ.ಯಲ್ಲಿ ಕುಳಿತಿರುತ್ತಾಳೆ" ಎನ್ನುತ್ತಾರೆ. ನಮ್ಮ ಉಡುಪಿ ಹೋಟೆಲುಗಳ ಮಾಟುಂಗದಲ್ಲೇ ಇರುವ ಅದೇ ವಿ.ಜೆ.ಟಿ.ಐ.ಯಿಂದ ೧೯೫೩ರಲ್ಲಿ ಶಕುಂತಲಾ ಭಗತ್ ಸಿವಿಲ್ ಪದವಿ ಪಡೆದರು, ಮುಂದೆ ಉಕ್ಕಿನ ಸೇತುವೆಗಳನ್ನು ಕಟ್ಟುವುದರಲ್ಲೇ ಹೆಸರು ಮಾಡಿದರು. ೨೦೨೫ರ ಜೂನಿನಲ್ಲಿ ಕಾಶ್ಮೀರದ ಚಿನಾಬ್ ನದಿಯ ಮೇಲೆ ತೆರೆದ ರೈಲು ಸೇತುವೆಯ ಬಂಡೆ-ಬುನಾದಿಯ ಕೆಲಸಕ್ಕೆ ಹಲವು ವರುಷ ಸಲಹೆ ಕೊಟ್ಟವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಮಾಧವಿ ಲತಾ. ನಮ್ಮ ಹುಡುಗಿಯರನ್ನು ಎ.ಸಿ.ಯಲ್ಲಿ ಕೂರಿಸುವ ಮೊದಲು ಅವರಿಗೆ ಏನು ಇಷ್ಟವೆಂದು ಒಮ್ಮೆ ಕೇಳಿದ್ದೇವೆಯೇ?

ಸರ್ ಎಂ. ವಿಶ್ವೇಶ್ವರಯ್ಯನವರ ಪಟವನ್ನು ಸಂಘದ ಗೋಡೆಗೆ ತೂಗುಹಾಕಿದ್ದೇವೆ, ಸೆಪ್ಟೆಂಬರ್ ೧೫ಕ್ಕೆ ಹೂವಿನ ಮಾಲೆ ಹಾಕುತ್ತೇವೆ. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳಕೊಂಡು, ಬೆಂಗಳೂರಿನಲ್ಲಿ ಪರರ ಮಕ್ಕಳಿಗೆ ಪಾಠ ಹೇಳಿ ಓದಿದ ಹುಡುಗ ಅವರು. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟದ್ದರಿಂದ ಪುಣೆಗೆ ಬಂದು ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಮ್ಮ ಉಪಸಮಿತಿಯವರು ಆಗ ಮೈಸೂರಿನಲ್ಲಿ ಕುಳಿತಿದ್ದರೆ "ಸಿವಿಲ್ಲಿಗೆ ಸ್ಕೋಪಿಲ್ಲ ತಮ್ಮಾ" ಎಂದು ಅರ್ಜಿಯ ಮೇಲೆ ಬರೆದು ವಾಪಸು ಕಳಿಸುತ್ತಿದ್ದರೋ ಏನೋ.

ಹಾಗಾದರೆ ನಿಧಿ ಏನು ಮಾಡಬೇಕು? ನಾನು ಕಂಪ್ಯೂಟರಿನ ವೈರಿಯಲ್ಲ. ಗಣಿತದಲ್ಲಿ ಚುರುಕಾದ, ಆ ವಿದ್ಯೆಯನ್ನು ಮೆಚ್ಚುವ ಹುಡುಗನಿಗೆ ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸಿಕ್ಕಿದರೆ ಎಲ್ಲರಿಗಿಂತ ಮೊದಲು ಅವನಿಗೆ ಕೊಡೋಣ. ನನ್ನ ಜಗಳ "ಮಾತ್ರ" ಎಂಬ ಒಂದು ಶಬ್ದದ ಮೇಲೆ. ವಿಭಾಗದ ಹೆಸರನ್ನು ನೋಡುವ ಬದಲು ಕಾಲೇಜನ್ನೂ ಪ್ರವೇಶದ ದಾರಿಯನ್ನೂ ನೋಡಿ ಎನ್ನುತ್ತೇನೆ. ಎನ್.ಬಿ.ಎ. ಎಂಬ ಮಂಡಳಿಯಿದೆ, ಅದು ಮಾನ್ಯತೆ ಕೊಡುವುದು ಇಡೀ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ. "ನಮ್ಮದು ಮಾನ್ಯತೆ ಪಡೆದ ಕಾಲೇಜು" ಎಂದು ದಲಾಲ ಹೇಳಿದರೆ "ಯಾವ ವಿಭಾಗಕ್ಕೆ, ಯಾವ ವರುಷದ ತನಕ?" ಎಂದು ಕೇಳಿ, ಅವನ ಮುಖ ನೋಡಿ.

ಪ್ರವೇಶದ ದಾರಿಯ ಮಾತು ಇನ್ನೂ ದೊಡ್ಡದು. ಸಿ.ಇ.ಟಿ. ಬರೆದು ಸರಕಾರದ ಸರತಿಯಲ್ಲಿ ಸೀಟು ಪಡೆದವನಿಗೆ ಸಿಕ್ಕುವ ಸವಲತ್ತುಗಳನ್ನು ದಲಾಲ ಎಂದೂ ಹೇಳುವುದಿಲ್ಲ. ಎ.ಐ.ಸಿ.ಟಿ.ಇ.ಯ ಬೋಧನಾಶುಲ್ಕ ಮಾಫಿ ಯೋಜನೆಯಲ್ಲಿ ನೂರಕ್ಕೆ ಐದು ಸೀಟು ಹೆಚ್ಚಿಗೆ ಇವೆ, ವರುಷದ ಆದಾಯ ಎಂಟು ಲಕ್ಷದೊಳಗಿನವರಿಗೆ, ಅಂಕಗಳ ಕ್ರಮದಲ್ಲಿ. ಮಹಾರಾಷ್ಟ್ರ ಸರಕಾರವು ೨೦೨೪-೨೫ರಿಂದ ಅದೇ ಆದಾಯದೊಳಗಿನ, ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಹುಡುಗಿಯರಿಗೆ ಬೋಧನಾಶುಲ್ಕ, ಪರೀಕ್ಷಾಶುಲ್ಕಗಳನ್ನು ಪೂರ್ತಿ ತಾನೇ ಭರಿಸುವ ಆಜ್ಞೆ ಹೊರಡಿಸಿದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹೋದವರಿಗೆ ಇದಾವುದೂ ಇಲ್ಲ. ಡೊಮಿಸೈಲ್ ಸರ್ಟಿಫಿಕೇಟು, ಆದಾಯದ ದಾಖಲೆ, ಜಾತಿಯ ಕಾಗದ ಇವನ್ನು ಜೂನಿನಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ. ಹುಡುಗ ಹನ್ನೊಂದರಲ್ಲಿರುವಾಗಲೇ ಮಾಡಿಸಿಡಬೇಕು.

ನಮ್ಮಲ್ಲಿ ಅರ್ಧಕ್ಕರ್ಧ ಜನರ ಸಂಸಾರ ಕುಂದಾಪುರ, ಕಾರ್ಕಳದ ಕಡೆ ಊರಲ್ಲೇ ಇದೆ. ಕರ್ನಾಟಕದ ಸಿ.ಇ.ಟಿ.ಗೆ ಮುಖ್ಯ ನಿಯಮ ಅಲ್ಲಿ ಏಳು ವರುಷ ಓದಿರಬೇಕೆಂಬುದು. ಹುಡುಗನನ್ನು ನಾಲ್ಕು ವರುಷ ಅಲ್ಲಿ, ಮೂರು ವರುಷ ಇಲ್ಲಿ ಎಂದು ಎಳೆದಾಡಿದರೆ ಎರಡೂ ಕಡೆ ತಪ್ಪಿಹೋದೀತು. ಹೊರನಾಡ ಕನ್ನಡಿಗರಿಗೂ ಗಡಿನಾಡ ಕನ್ನಡಿಗರಿಗೂ ಕನ್ನಡ ಭಾಷಾ ಪರೀಕ್ಷೆಯ ಮೂಲಕ ಒಂದು ಬೇರೆ ದಾರಿಯೂ ಇದೆ. ಆದರೆ ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತಾ 'ಅ ಆ' ಓದಲು ಬಾರದ ಮಕ್ಕಳನ್ನು ಬೆಳೆಸಿದವರಿಗೆ ಆ ದಾರಿ ಮುಚ್ಚಿದಂತೆಯೇ. ನಿಧಿಯ ಹಣದಲ್ಲಿ ಒಂದಿಷ್ಟನ್ನು ಭಾನುವಾರದ ಕನ್ನಡ ತರಗತಿಗೂ, ಈ ಅರ್ಜಿಗಳನ್ನು ತುಂಬಿಕೊಡುವ ಒಬ್ಬ ತಿಳಿದ ಹುಡುಗನ ಗೌರವಧನಕ್ಕೂ ಇಟ್ಟರೆ ಹತ್ತು ಮಕ್ಕಳ ಲಕ್ಷಗಟ್ಟಲೆ ಫೀ ಉಳಿದೀತು.

ಡಿಪ್ಲೊಮಾವನ್ನು ಪಟ್ಟಿಯಿಂದ ತೆಗೆಯುವುದಂತೂ ಶುದ್ಧ ಅನ್ಯಾಯ. ಹತ್ತನೆಯ ಇಯತ್ತೆಯ ಮೇಲೆ ಮೂರು ವರುಷದ ಪಾಲಿಟೆಕ್ನಿಕ್. ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ಫೀ ಕಡಿಮೆ. ಮುಗಿಸಿದವನು ಕೆಲಸಕ್ಕೂ ಹೋಗಬಹುದು, ಅಂಕವಿದ್ದರೆ ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರುಷಕ್ಕೂ ಸೇರಬಹುದು. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಡಿಪ್ಲೊಮಾ, ಪದವಿ, ಐ.ಟಿ.ಐ. ಮೂರರವರಿಗೂ ಕಾರಖಾನೆಯಲ್ಲಿ ಭತ್ತೆ ಸಹಿತ ತರಬೇತಿ ಇದೆ. ಬಾಣಲೆ ತೊಳೆಯುವವನ ಮಗನಿಗೆ ಇದಕ್ಕಿಂತ ಭದ್ರವಾದ ಮೆಟ್ಟಿಲು ಯಾವುದು? ಒಂದು ಮೆಟ್ಟಿಲಲ್ಲಿ ಕಾಲು ಜಾರಿದರೂ ಕೆಳಗಿನ ಮೆಟ್ಟಿಲು ಹಿಡಿದುಕೊಳ್ಳುತ್ತದೆ. ಎಂಟು ಲಕ್ಷದ ಸಾಲದ ಮೇಲೆ ನಿಂತವನಿಗೆ ಕೆಳಗೆ ಮೆಟ್ಟಿಲೇ ಇಲ್ಲ.

ನನ್ನ ತಿದ್ದುಪಡಿ ಹೀಗಿದೆ: ಠರಾವಿನಲ್ಲಿ "ಕಂಪ್ಯೂಟರ್ ವಿಭಾಗಕ್ಕೆ ಮಾತ್ರ" ಎಂಬುದನ್ನು ಹೊಡೆದುಹಾಕಿ, "ಸರಕಾರದ ಕೇಂದ್ರೀಯ ಪ್ರವೇಶದ ಮೂಲಕ ಸೇರಿದ ಯಾವ ವಿಭಾಗಕ್ಕಾದರೂ, ಡಿಪ್ಲೊಮಾ ಮತ್ತು ಐ.ಟಿ.ಐ.ಗಳಿಗೂ" ಎಂದು ಬರೆಯತಕ್ಕದ್ದು, ದೇಣಿಗೆ ಕೊಟ್ಟು ಪಡೆದ ಸೀಟಿಗೆ, ಅದು ಯಾವ ವಿಭಾಗವೇ ಇರಲಿ, ಕಾಸೂ ಕೊಡತಕ್ಕದ್ದಲ್ಲ. ಪ್ರತಿ ಸಂಘದ ಕಚೇರಿಯಲ್ಲಿ ಇದೆ. ಸಭೆಗೆ ತರಲು ಸದಸ್ಯರ ಸಹಿ ಬೇಕು. ಹೋಟೆಲು ಮುಚ್ಚಿದ ಮೇಲೆ ಬರುವವರಿಗಾಗಿ ಈ ತಿಂಗಳು ಪೂರ್ತಿ ರಾತ್ರಿ ಹನ್ನೆರಡೂವರೆಯ ತನಕ ಕಚೇರಿಯ ದೀಪ ಉರಿಯುತ್ತಿರುತ್ತದೆ. ಸದಸ್ಯತ್ವದ ಚೀಟಿ ತರಲು ಮರೆಯಬೇಡಿ.